ಅಜ್ಜಿಯ ಕಿಟಕಿಗೊಂದು ಕದ

ನಮ್ಮ ಮನೆಯಲ್ಲಿ ಅತಿ ಹೆಚ್ಚು ದಿನ ನಡೆದ ಚರ್ಚೆ ಯಾವುದೆಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳುತ್ತೇನೆ: ಒಳಕೋಣೆಯ ಕಿಟಕಿಗೆ ಕದ ಯಾವುದರಲ್ಲಿ ಮಾಡಿಸುವುದು ಎಂಬುದು. ನನ್ನ ಮದುವೆಯ ಮಾತುಕತೆ ಎರಡು ಭಾನುವಾರಗಳಲ್ಲಿ ಮುಗಿಯಿತು. ಈ ಕದದ ಮಾತು ಒಂದು ಇಡೀ ಮಳೆಗಾಲ ಎಳೆಯಿತು. ಆಗ ನಾನು ಐದನೇ ಕ್ಲಾಸು. ಡೊಂಬಿವಲಿ ಈಸ್ಟಿನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಮನೆ: ಒಂದು ಹಾಲ್, ಒಂದು ಅಡುಗೆಮನೆ, ಒಂದು ಒಳಕೋಣೆ, ಬಟ್ಟೆ ಒಣಹಾಕುವಷ್ಟೇ ಬಾಲ್ಕನಿ. ಅಪ್ಪ ಪುತ್ತೂರಿನ ಕಡೆಯವನು, ಅಮ್ಮ ಧಾರವಾಡದವಳು. ಠಾಣೆ ಶಹರದ ಒಂದು ಆಫೀಸಿನಲ್ಲಿ ಎದುರುಬದುರು ಮೇಜಿಗೆ ಕೂತು, ಪರಿಚಯವಾಗಿ, ಮದುವೆಯಾದವರು. ಇಬ್ಬರದೂ ಕನ್ನಡವೇ, ಆದರೆ ಒಂದೇ ಕನ್ನಡವಲ್ಲ. ನಾನು "ಬ್ಯಾಡ" ಅಂದರೆ ಅಪ್ಪ ನಗುತ್ತಿದ್ದ, "ಎಂತದು" ಅಂದರೆ ಅಮ್ಮ ನಗುತ್ತಿದ್ದಳು. ಯಾವ ಕನ್ನಡ ಆಡಿದರೂ ಒಬ್ಬರ ನಗು ತಪ್ಪಿದ್ದಲ್ಲ ಎಂದು ಗೊತ್ತಾದ ಮೇಲೆ ನಾನು ಮೆಲ್ಲಗೆ ಮರಾಠಿಗೆ ಜಾರಿಕೊಂಡೆ. ಅವರು ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಡುತ್ತಿದ್ದೆ. ಇದರಲ್ಲಿ ಏನೋ ವಿಚಿತ್ರವಿದೆ ಎಂದು ಮೂವರಿಗೂ ಅನ್ನಿಸಿರಲಿಲ್ಲ.

ಅಪ್ಪ ಅಮ್ಮ ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಬರುವುದು ಸಂಜೆ ಏಳೂವರೆಗೆ. ನನ್ನ ಶಾಲೆ ಒಂದು ಗಂಟೆಗೆ ಬಿಡುತ್ತಿತ್ತು. ಕೊರಳಲ್ಲಿ ಕಟ್ಟಿಕೊಂಡ ಕೀಲಿಕೈಯಿಂದ ಬೀಗ ತೆಗೆದು, ಡಬ್ಬಿಯ ತಣ್ಣನೆ ಚಪಾತಿ ತಿಂದು, ಮನೆ ಸುಮ್ಮನಿರಬಾರದೆಂದು ಟೀವಿ ಜೋರಾಗಿ ಹಾಕಿಕೊಂಡು ಕೂರುತ್ತಿದ್ದೆ. ಹೆದರಿಕೆಯಾಗುತ್ತಿತ್ತು. ಈಗ ಹೇಳುತ್ತಿದ್ದೇನೆ, ಆಗ ಯಾರಿಗೂ ಹೇಳಿರಲಿಲ್ಲ. ಆ ವರ್ಷ ಜೂನಿನಲ್ಲಿ, ಅದುವರೆಗೆ ಮಂಗಳೂರಿನ ಅತ್ತೆಯ ಮನೆಯಲ್ಲಿದ್ದ ಅಜ್ಜಿ, ಅಂದರೆ ಅಪ್ಪನ ಅಮ್ಮ, ನಮ್ಮಲ್ಲಿಗೆ ಬಂದಳು. ಮೂರು ಮಹಡಿ ಹತ್ತಿದ ಏದುಸಿರು ಇಳಿಯುವ ಮೊದಲೇ ಬಾಗಿಲಲ್ಲಿ ನಿಂತು ಷರತ್ತು ಹಾಕಿದಳು.

"ನವರಾತ್ರಿವರೆಗೆ ನೋಡ್ತೇನೆ. ಹಿಡಿಸಿದ್ರೆ ಇರ್ತೇನೆ. ಇಲ್ಲದಿದ್ರೆ ಮಗಳ ಮನೆ ಉಂಟಲ್ಲ, ಟಿಕೆಟ್ ತೆಗೆದಿಡು."

ಅಪ್ಪ ವಿಧೇಯ ಮಗ, ಟಿಕೆಟ್ ತೆಗೆದಿಟ್ಟೂ ಬಿಟ್ಟ. ಅದನ್ನು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ ಇಟ್ಟಿದ್ದ. ಇತ್ತ ನನ್ನ ಮಧ್ಯಾಹ್ನಗಳು ಪೂರ್ತಿ ಬದಲಾದವು. ಬೆಲ್ ಒತ್ತಿದರೆ ಒಳಗಿನಿಂದ ಒಬ್ಬರು ಬಂದು ಬಾಗಿಲು ತೆಗೆಯುವುದು ಎಷ್ಟು ದೊಡ್ಡ ಸುಖ ಎಂದು ಬೀಗ ತೆಗೆದು ಬೆಳೆದ ಮಕ್ಕಳಿಗೇ ಗೊತ್ತು. ಬಿಸಿ ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ಸಾರು, ಊರಿನಿಂದ ತಂದ ಹಲಸಿನ ಹಪ್ಪಳ. ನಾನು ತಿನ್ನುತ್ತ ಮರಾಠಿಯಲ್ಲಿ ಶಾಲೆಯ ವರದಿ ಒಪ್ಪಿಸುತ್ತಿದ್ದೆ, ಅವಳು ಒಂದಕ್ಷರ ತಿಳಿಯದೆ "ಹೌದಾ, ಮತ್ತೆ?" ಅನ್ನುತ್ತಿದ್ದಳು. ಅವಳು ಹೋಗಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ದಿನಾ ಸ್ನಾನವಾದ ಮೇಲೆ ದೇವರಿಗೆ ಕೈಮುಗಿಯುವಾಗ ನನ್ನ ಕಣ್ಣು ಆ ಭರಣಿಯ ಮೇಲೇ ಇರುತ್ತಿತ್ತು.

ಅಜ್ಜಿಗೆ ನಮ್ಮ ಮನೆಯಲ್ಲಿ ಎಲ್ಲ ಹಿಡಿಸಿತ್ತು. ಅಮ್ಮನ ಜೋಳದ ರೊಟ್ಟಿಯನ್ನು ಕೂಡ, ಮೊದಲ ವಾರ ಮುಖ ಹಿಂಡಿದರೂ, ಆಮೇಲೆ ಎರಡೆರಡು ಹಾಕಿಸಿಕೊಂಡಳು. ಹಿಡಿಸದೆ ಇದ್ದದ್ದು ಕಿಟಕಿ ಒಂದೇ. ಅವಳು ಮಲಗುವ ಒಳಕೋಣೆಯ ಕಿಟಕಿಯ ಎದುರಿಗೇ ಪಕ್ಕದ ಕಟ್ಟಡದ ಅಡುಗೆಮನೆ. ನಡುವಿನ ಜಾಗ ಎಷ್ಟೆಂದರೆ, ಆ ಮನೆಯ ಜೋಶಿ ಕಾಕು ಉದ್ದ ಸೌಟಿನ ಮೇಲೆ ಬಟ್ಟಲಿಟ್ಟು ನಮಗೆ ಸಾಬೂದಾನಿ ಖಿಚಡಿ ದಾಟಿಸುತ್ತಿದ್ದಳು. ಒಳ್ಳೆಯ ಹೆಂಗಸು, ಬಾಯಿ ಸುಮ್ಮನಿರದು. ಅಜ್ಜಿ ಊಟ ಮುಗಿಸಿ, ಸೆರಗು ಸಡಿಲ ಮಾಡಿ ಚಾಪೆಯ ಮೇಲೆ ಒರಗಿದಳೋ ಇಲ್ಲವೋ, ಎದುರಿನಿಂದ ಪ್ರೀತಿಯ ದನಿ ಬರುತ್ತಿತ್ತು: "ಜೇವ್ಲಾತ್ ಕಾ ಆಜಿ?" ಊಟವಾಯಿತೇ ಅಜ್ಜಿ ಎಂದಷ್ಟೇ ಅದರರ್ಥ. ಅಜ್ಜಿ ದಡಬಡಿಸಿ ಎದ್ದು ಸೆರಗು ಹೊದ್ದು, ಮುಖ ಬಿಗಿದುಕೊಂಡು ತಲೆಯಾಡಿಸುತ್ತಿದ್ದಳು. ಹತ್ತು ದಿನ ತಡೆದುಕೊಂಡು, ಒಂದು ಭಾನುವಾರ ಅಪ್ಪನ ಹತ್ತಿರ ದೂರು ಕೊಟ್ಟಳು.

"ಆ ಹೆಂಗಸು ದಿನಾ ನನ್ನ ಮುಖ ನೋಡಿ 'ಜೀವ ಉಂಟಾ' ಅಂತ ಕೇಳ್ತಾಳಲ್ಲ ಮಾರಾಯಾ. ನಾನೆಂತ ಅಷ್ಟು ಹಾಳಾಗಿದ್ದೇನಾ?"

ಅಮ್ಮ ಲಟ್ಟಣಿಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅರ್ಥ ಹೇಳಿದ ಮೇಲೆ ಅಜ್ಜಿಯೂ ನಕ್ಕಳು, ಆದರೆ ಪಟ್ಟು ಬಿಡಲಿಲ್ಲ. ಕೇಳುವುದು ಊಟವೇ ಆಗಲಿ ಜೀವವೇ ಆಗಲಿ, ಮಲಗಿದವಳನ್ನು ಕೇಳಬಾರದು ಎಂಬುದು ಅವಳ ವಾದ. ಅಪ್ಪ ದಪ್ಪನೆಯ ಪರದೆ ತಂದು ಹಾಕಿದ. ಜುಲೈ ತಿಂಗಳ ಗಾಳಿಗೆ ಅದು ಇಡೀ ದಿನ ಮೇಲಕ್ಕೆ ಹಾರಿಕೊಂಡೇ ಇರುತ್ತಿತ್ತು. ಗಾಜಿನ ಸ್ಲೈಡಿಂಗ್ ಮೊದಲೇ ಇತ್ತು, ಮುಚ್ಚಿದರೆ ಸೆಕೆ, ತೆರೆದರೆ ಜೋಶಿ ಕಾಕು.

"ಪರದೆಗೆ ಮಾನ ಇಲ್ಲ, ಗಾಳಿ ಕರೆದ ಕಡೆ ಹೋಗ್ತದೆ. ನನಗೆ ಕದ ಬೇಕು. ಮೇಲೆ ಎರಡು, ಕೆಳಗೆ ಎರಡು. ಕೆಳಗಿನದ್ದು ಹಾಕಿದ್ರೆ ಮಲಗಿದವಳು ಕಾಣುದಿಲ್ಲ, ಮೇಲಿನದ್ದು ತೆಗೆದ್ರೆ ಗಾಳಿ ಬರ್ತದೆ. ಅದಿಲ್ಲದೆ ನನಗೆ ಇಲ್ಲಿ ನಿದ್ದೆ ಬರ್ಲಿಕ್ಕಿಲ್ಲ, ನಾನು ಹೋಗ್ತೇನೆ."

ಹೊರಗಡೆ ಏನನ್ನೂ ಬದಲಾಯಿಸಬಾರದೆಂದು ಸೊಸೈಟಿಯ ನಿಯಮವಿತ್ತು. ಹಾಗಾಗಿ ಕದ ಒಳಗಡೆಯೇ ಬರಬೇಕು, ಕೋಣೆಯೊಳಕ್ಕೇ ತೆರೆಯಬೇಕು. ಅಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ಯಾವುದರಲ್ಲಿ ಮಾಡಿಸುವುದು ಎಂಬಲ್ಲಿ ಮೂರು ಪಕ್ಷಗಳಾದವು. ರಾತ್ರಿ ಊಟಕ್ಕೆ ಕೂತರೆ ಅದೇ ಮಾತು, ಅನ್ನ ಆರಿದರೂ ಮುಗಿಯುತ್ತಿರಲಿಲ್ಲ.

"ಪೀವಿಸಿ ಹಾಕಿಸುವ ಅಮ್ಮಾ. ನೀರು ತಾಗಿದ್ರೂ ಎಂತ ಆಗುದಿಲ್ಲ, ತಲೆಬಿಸಿ ಇಲ್ಲ," ಎಂದು ಅಪ್ಪ.

"ಅದು ನಿಮ್ಮ ಬಾತ್‌ರೂಮಿನ ಬಾಗಿಲಲ್ವಾ? ನನ್ನ ತಲೆ ಹತ್ರ ಯಾಕೆ ಅದು?" ಎಂದು ಅಜ್ಜಿ.

"ಪ್ಲೈವುಡ್ ಮಾಡಸ್ರಿ ಅತ್ತಿ," ಎಂದು ಅಮ್ಮ. "ಅಡಿಗಿಮನಿ ಕಪಾಟಕ್ಕ ಹಾಕಿದ್ದ ಬಣ್ಣದ್ದ ಮೈಕಾ ಮ್ಯಾಲ ಹಚ್ಚಿಸಿದ್ರ ಛಂದ ಕಾಣ್ತದ."

"ಮೇಲೆ ಛಂದ, ಒಳಗೆ ಎಂತ ಉಂಟು?" ಅಜ್ಜಿ ಕೇಳುತ್ತಿದ್ದಳು. ಅಮ್ಮ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಸ್ವಲ್ಪ ಜೋರಾಗಿಯೇ ಹಾಕುತ್ತಿದ್ದಳು.

ಕೊನೆಗೆ ಅಪ್ಪ ಗಣಪತ್ ಮಿಸ್ತ್ರಿಯನ್ನು ಕರೆಸಿದ. ರತ್ನಾಗಿರಿ ಕಡೆಯ ಬಡಗಿ, ಬಿಳಿ ಟೋಪಿ, ಕಿವಿಯ ಮೇಲೆ ಪೆನ್ಸಿಲ್ಲು, ಮರ್ಯಾದೆಯ ಮಾತಿನವನು. ಒಂದು ಭಾನುವಾರ ಬಂದು ಕಿಟಕಿ ಅಳೆದ, ಚಹಾ ಕುಡಿದ, ನಾಲ್ಕು ಮಾದರಿ ತುಂಡುಗಳನ್ನು ಮೇಜಿನ ಮೇಲಿಟ್ಟ: ಪೀವಿಸಿ, ಪ್ಲೈವುಡ್, ಮರದ ಪುಡಿ ಒತ್ತಿ ಮಾಡಿದ ಹಲಗೆ, ಮತ್ತೊಂದು ತೆಳ್ಳನೆ ಬಣ್ಣದ ಅಗ್ಗದ ಹಲಗೆ. ನೋಡಿ ಆರಿಸಿಡಿ, ಬುಧವಾರ ಮಧ್ಯಾಹ್ನ ಬರುತ್ತೇನೆ ಎಂದು ಹೇಳಿ ಹೋದ. ನೋಡಿ ಆರಿಸುವುದೆಂದರೆ ಏನೆಂದು ಅಜ್ಜಿಗೆ ಅವಳದೇ ಲೆಕ್ಕವಿತ್ತು. ಮಾರನೆಯ ಬೆಳಿಗ್ಗೆ, ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ, ನಾಲ್ಕನ್ನೂ ಬಾಲ್ಕನಿಯ ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆ ರುಬ್ಬುಗುಂಡು ಇಟ್ಟಳು. ಎರಡು ದಿನ ನೀರಲ್ಲಿ, ಆಮೇಲೆ ಗ್ಯಾಸಿನ ಪಕ್ಕದಲ್ಲಿ. ಪುಡಿಹಲಗೆ ಇಡ್ಲಿಯ ಹಾಗೆ ಉಬ್ಬಿತು. ಪ್ಲೈವುಡ್ಡಿನ ಅಂಚು ಪದರ ಪದರವಾಗಿ ಬಿಟ್ಟುಕೊಂಡಿತು. ತೆಳ್ಳನೆಯದು ಸೊಟ್ಟಗಾಯಿತು. ಪೀವಿಸಿಗೆ ನೀರಿನಲ್ಲಿ ಏನೂ ಆಗಲಿಲ್ಲ, ಗ್ಯಾಸಿನ ಬಳಿ ಇಟ್ಟಾಗ ಬಗ್ಗಿ, ಮೂರು ಕೋಣೆಗೂ ಸಾಕಾಗುವಷ್ಟು ನಾತ ಬಿಟ್ಟಿತು. ನಾನು ಶಾಲೆಯಿಂದ ಬಂದವಳು ಮೂಗು ಮುಚ್ಚಿಕೊಂಡು ಕುಣಿದೆ. ಇಷ್ಟು ಒಳ್ಳೆಯ ಪ್ರಯೋಗವನ್ನು ನಮ್ಮ ಸೈನ್ಸ್ ಟೀಚರೂ ಮಾಡಿಸಿರಲಿಲ್ಲ.

ಬುಧವಾರ ಮಿಸ್ತ್ರಿ ಬಂದ. ಮನೆಯಲ್ಲಿ ನಾನು, ಅಜ್ಜಿ, ಇಬ್ಬರೇ. ಪೇಪರಿನ ಮೇಲೆ ಸಾಲಾಗಿ ಹರಡಿದ ತನ್ನ ಮಾದರಿಗಳ ಅವಸ್ಥೆ ನೋಡಿ ಅವನ ಮುಖ ಅರ್ಧ ಅಲ್ಲೇ ಇಳಿಯಿತು. ಆದರೂ ಸಾವರಿಸಿಕೊಂಡು, ಹಾಗಾದರೆ ನಿಮಗೆ ಬೇಕಾದದ್ದು ಏನು ಎಂದು ಕೈಸನ್ನೆ ಮಾಡಿ ಕೇಳಿದ. ಅಜ್ಜಿ ನಾಲ್ಕು ತುಂಡುಗಳನ್ನೂ ಕಾಲಬೆರಳಿನಿಂದ ಆಚೆ ತಳ್ಳಿ, ತೋರುಬೆರಳನ್ನು ನೇರ ಅವನ ಎದೆಗೆ ಹಿಡಿದು, ಕಿವುಡನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಮರ. ಮರ ಮಾರಾಯಾ, ಮರ."

ಮರಾಠಿಯಲ್ಲಿ 'ಮರ್' ಅಂದರೆ ಸಾಯಿ. 'ಮಾರಾ ಯಾಲಾ' ಅಂದರೆ ಇವನಿಗೆ ಹೊಡೆಯಿರಿ. ಬೆಳ್ಳಗಿನ ಟೋಪಿಯ, ಮರ್ಯಾದೆಯ ಮಾತಿನ ಆ ಮನುಷ್ಯನ ಕಿವಿಗೆ ಬಿದ್ದದ್ದು ಇಷ್ಟು: ಸಾಯಿ, ಹೊಡೀರಿ ಇವನಿಗೆ, ಸಾಯಿ. ಮೊದಲು ಅರ್ಥವಾದದ್ದು ನನಗೆ, ಯಾಕೆಂದರೆ ಆ ಕೋಣೆಯಲ್ಲಿ ಎರಡೂ ಭಾಷೆ ಗೊತ್ತಿದ್ದವಳು ನಾನೊಬ್ಬಳೇ. ಅರ್ಥವಾದವಳು ಬಾಯಿ ಬಿಟ್ಟು ಹೇಳಬೇಕಿತ್ತು. ನಾನು ನಕ್ಕುಬಿಟ್ಟೆ. ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಮಿಸ್ತ್ರಿ ನನ್ನನ್ನೂ ಅಜ್ಜಿಯನ್ನೂ ನೋಡಿದ. "ನಿಮಗೆ ನಾನೇನು ಮಾಡಿದೆ?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿ, ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಹೊರಟೇ ಹೋದ.

"ಅವನಿಗೆ ಎಂತ ಆಯ್ತು? ನಾನು ಮರ ಅಂತ ಅಲ್ವಾ ಹೇಳಿದ್ದು?" ಅಜ್ಜಿ ಬೆರಳು ಇನ್ನೂ ಇಳಿಸಿರಲಿಲ್ಲ.

ನನ್ನ ನಗು ಅಲ್ಲಿಗೆ ನಿಂತಿತು. ಮಿಸ್ತ್ರಿ ಹೋದರೆ ಕದ ಇಲ್ಲ. ಕದ ಇಲ್ಲದಿದ್ದರೆ ಅಜ್ಜಿ ಇಲ್ಲ. ಬರಿಗಾಲಲ್ಲೇ ಮೆಟ್ಟಿಲು ಎರಡೆರಡು ಹಾರಿ ಇಳಿದೆ. ಮೊದಲನೇ ಮಹಡಿಯ ತಿರುವಿನಲ್ಲಿ ಸಿಕ್ಕಿದ. ಅಡ್ಡ ನಿಂತು, ಏದುಸಿರಲ್ಲೇ ಹೇಳತೊಡಗಿದೆ: ಕಾಕಾ, ನಮ್ಮ ಭಾಷೆಯಲ್ಲಿ ಮರ ಅಂದರೆ ಲಾಕೂಡ. ಗಿಡಮರದ ಮರ. ಬಾಗಿಲು ಮಾಡುತ್ತಾರಲ್ಲ, ಅದು. 'ನಮ್ಮ ಭಾಷೆ' ಎಂದು ಕನ್ನಡವನ್ನು ನಾನು ಕರೆದದ್ದು ಅದೇ ಮೊದಲು, ಆ ಮೆಟ್ಟಿಲ ಮೇಲೆ. ಮಿಸ್ತ್ರಿಯ ಹುಬ್ಬು ಸ್ವಲ್ಪ ಸಡಿಲವಾಯಿತು. ಸರಿ, ಹೊಡೀರಿ ಅಂದರಲ್ಲ, ಅದೇನು ಎಂದ. ನಾನು ಸಿಕ್ಕಿಬಿದ್ದೆ. ಮಾರಾಯಾ ಅಂದರೆ ಏನು? ಅಜ್ಜಿ ಅಪ್ಪನಿಗೂ ಮಾರಾಯಾ ಅನ್ನುತ್ತಾಳೆ, ಕೆಟ್ಟು ನಿಂತ ಮಿಕ್ಸಿಗೂ ಮಾರಾಯಾ ಅನ್ನುತ್ತಾಳೆ. ಸಿಟ್ಟಿದ್ದರೂ ಬರುತ್ತದೆ, ಪ್ರೀತಿಯಿದ್ದರೂ ಬರುತ್ತದೆ. ಪಾಠದ ಪುಸ್ತಕದ ಯಾವ ಶಬ್ದವೂ ಅದಕ್ಕೆ ಹೊಂದುತ್ತಿರಲಿಲ್ಲ. ಗೋಡೆಗೆ ಒರಗಿ ಯೋಚಿಸಿದೆ. ತಟ್ಟನೆ ಹೊಳೆಯಿತು. ಲೋಕಲ್ ತಪ್ಪಿದಾಗ, ಹಾಲು ಉಕ್ಕಿದಾಗ, ಮಗ ಮಾತು ಕೇಳದಿದ್ದಾಗ ಜೋಶಿ ಕಾಕು ಅನ್ನುವುದೇನು?

"ಬಾಬಾ ರೇ, ಕಾಕಾ. ಮಾರಾಯಾ ಅಂದರೆ ಬಾಬಾ ರೇ. ಅವಳು ಅಂದದ್ದು, ಲಾಕೂಡ ರೇ ಬಾಬಾ, ಲಾಕೂಡ."

ಗಣಪತ್ ಮಿಸ್ತ್ರಿ ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. ಟೋಪಿ ತೆಗೆದು ಮುಖ ಒರೆಸಿಕೊಂಡು ನಕ್ಕ. ಬಾಗಿಲು ತೆರೆದು ಇಣುಕಿದವರಿಗೆಲ್ಲ ತಾನೇ ಕಥೆ ಹೇಳಿ ಮತ್ತೆ ನಕ್ಕ. ಅವನ ಜೊತೆ ಮೇಲೆ ಹತ್ತುವಾಗ ನನಗಾದ ಖುಷಿಯನ್ನು ಹೇಗೆ ಹೇಳಲಿ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಾಗಲೂ ಹಾಗೆ ಆಗಿರಲಿಲ್ಲ. ಒಂದು ಶಬ್ದಕ್ಕೆ ಜೋಡಿ ಶಬ್ದವನ್ನು ನಾನು ಹುಡುಕಿದ್ದೆ, ಅದು ಸರಿಯಾಗಿ ಕೂತಿತ್ತು. ಇಂದು ಹೊಟ್ಟೆಪಾಡಿಗೆ ಅದನ್ನೇ ಮಾಡುತ್ತಿದ್ದೇನೆ, ಕನ್ನಡದ್ದು ಮರಾಠಿಗೆ, ಮರಾಠಿಯದ್ದು ಕನ್ನಡಕ್ಕೆ. ಸಂಬಳವಿಲ್ಲದ ನನ್ನ ಮೊದಲ ಕೆಲಸ ಅದು.

ಅಂದು ಮಧ್ಯಾಹ್ನ ಇಬ್ಬರ ನಡುವೆ ನೆಲದ ಮೇಲೆ ಕೂತು ನಾನು ಮಾತು ಸಾಗಿಸಿದೆ. ಅಜ್ಜಿಗೆ ಕನ್ನಡದಲ್ಲೇ ಹೇಳಬೇಕು, ಬೇರೆ ದಾರಿಯಿರಲಿಲ್ಲ. ಅರ್ಧ ಧಾರವಾಡ, ಅರ್ಧ ಪುತ್ತೂರು, ಹೇಗೆ ಬಂತೋ ಹಾಗೆ ಹೇಳಿದೆ. ಅಜ್ಜಿ ನಗಲಿಲ್ಲ, ಅವಳಿಗೆ ಕೆಲಸ ಮುಖ್ಯವಾಗಿತ್ತು. ಯಾವ ಮರ ಎಂದು ಮಿಸ್ತ್ರಿ ಕೇಳಿದ. ಅಜ್ಜಿ ಹಲಸು ಅಂದಳು. ನನಗೆ ಹಪ್ಪಳದ ಡಬ್ಬಿ ನೆನಪಾಗಿ ಫಣಸ ಅಂದೆ. ಮಿಸ್ತ್ರಿಯ ಮುಖ ಅರಳಿತು. ಅವನ ಊರಿನ ಮನೆಯ ಬಾಗಿಲೂ ಫಣಸದ್ದೇ ಅಂತೆ. ಗೆದ್ದಲು ಹತ್ತಿರ ಸುಳಿಯದು, ಹಳದಿ ಬಣ್ಣ ವರ್ಷ ಕಳೆದಂತೆ ಕೆಂಪಗಾಗುತ್ತದೆ. ಆದರೆ ಹೊಸ ಮರ ಬೇಡ, ಹಸಿಯಿರುತ್ತದೆ, ಮುಂದಿನ ಮಳೆಗೆ ಉಬ್ಬಿ ಕದ ಹಾಕಲಿಕ್ಕೇ ಬರುವುದಿಲ್ಲ ಎಂದ. ಪಕ್ಕದ ಕಲ್ಯಾಣ ಊರಿನಲ್ಲಿ ಹಳೆಯ ವಾಡೆ ಮನೆಗಳನ್ನು ಕೆಡವುತ್ತಿದ್ದಾರೆ, ಅಲ್ಲಿನ ಬಾಗಿಲು, ತೊಲೆಗಳನ್ನು ಮಾರುವವರು ತನಗೆ ಗೊತ್ತು ಎಂದ. ಇದನ್ನು ಅಜ್ಜಿಗೆ ಹೇಳಿದಾಗ ಅವಳು ಮಿಸ್ತ್ರಿಯನ್ನು ಮೊದಲ ಬಾರಿ ಗೌರವದಿಂದ ನೋಡಿದಳು.

"ಸರಿ ಹೇಳ್ತಾನೆ. ಹಳೇದರದ್ದು ಉಬ್ಬುದು, ಬಗ್ಗುದು, ಸಿಟ್ಟು ಮಾಡುದು ಎಲ್ಲ ಮುಗಿದಿರ್ತದೆ."

"ಎಲ್ಲಾ ಹಳೇದರದ್ದೂ ಮುಗಿದಿರೂದಿಲ್ಲ ಬಿಡ್ರಿ," ಎಂದು ಸಂಜೆ ಈ ಮಾತು ಕೇಳಿದ ಅಮ್ಮ ಒಲೆಯ ಕಡೆ ತಿರುಗಿ ಹೇಳಿದಳು. ಅಜ್ಜಿಗೆ ಕೇಳಿಸಿತು. ಇಬ್ಬರೂ ನಕ್ಕರು.

ಮುಂದಿನ ಭಾನುವಾರ ಅಪ್ಪ, ಅಜ್ಜಿ, ಮಿಸ್ತ್ರಿ, ನಾನು ಲೋಕಲಿನಲ್ಲಿ ಕಲ್ಯಾಣಕ್ಕೆ ಹೋದೆವು. ಸ್ಟೇಶನ್ನಿನಿಂದ ರಿಕ್ಷಾ, ರಿಕ್ಷಾದಿಂದ ಒಂದು ಇಕ್ಕಟ್ಟಿನ ಗಲ್ಲಿ, ಗಲ್ಲಿಯ ಕೊನೆಗೆ ತಗಡಿನ ಮಾಡಿನ ಕೆಳಗೆ ಮನೆಗಳಿಲ್ಲದ ಬಾಗಿಲುಗಳ ರಾಶಿ. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿ ನಡುವೆ ನುಗ್ಗಿದಳು. ಬೆರಳಗಂಟಿನಿಂದ ಬಡಿದು ಸದ್ದು ಕೇಳುವಳು, ಮೂಗು ಹತ್ತಿರ ಹಿಡಿಯುವಳು, ಕೂದಲಿನ ಪಿನ್ನಿನಿಂದ ಅಂಚು ಕೆರೆದು ಒಳಗಿನ ಹಳದಿ ನೋಡುವಳು. ಅಂಗಡಿಯವನು ಬಾಯಿ ತೆರೆದುಕೊಂಡು ನಿಂತ. ಮಿಸ್ತ್ರಿಗೆ ಒಂದು ಜೊತೆ ಹಲಗೆ ಕಣ್ಣಿಗೆ ಬಿತ್ತು. ಇದು ಸಾಗ್, ಫಣಸಕ್ಕಿಂತ ಗಟ್ಟಿ, ಕೇಳಿ ನೋಡು ಎಂದ. ಸಾಗ್‌ಗೆ ಕನ್ನಡದಲ್ಲಿ ಏನೆಂದು ಅಪ್ಪನನ್ನು ಕೇಳಿದೆ, ತೇಗ ಎಂದ. ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ.

"ಅಜ್ಜಿ, ಮಿಸ್ತ್ರಿ ಕಾಕಾ ನಿನಗೆ ತೇಗು ಅಂತಾರ."

"ಊಟವೇ ಆಗ್ಲಿಲ್ಲ ಮಗಾ, ತೇಗುದು ಎಲ್ಲಿಂದ?"

ಅಪ್ಪ ಒಂದು ಹಳೇ ಬಾಗಿಲಿಗೆ ಆತುಕೊಂಡು ನಕ್ಕ. ನಾನೂ ನಕ್ಕೆ. ಮೊದಲಾಗಿದ್ದರೆ ಆ ನಗುವಿಗೆ ಒಂದು ವಾರ ಕನ್ನಡ ಬಿಡುತ್ತಿದ್ದೆ. ಅಂದು ಬಿಡಲಿಕ್ಕೆ ಸಮಯವಿರಲಿಲ್ಲ, ಎರಡೂ ಕಡೆಯವರು ನನಗಾಗಿ ಕಾಯುತ್ತಿದ್ದರು. ತೇಗ ಒಳ್ಳೆಯದೇ, ಆದರೆ ಇವು ತನ್ನ ಕಿಟಕಿಗೆ ಭಾರ, ಬಿಜಾಗರಿ ತಡೆಯದು ಎಂದು ಅಜ್ಜಿ ತಳ್ಳಿಹಾಕಿದಳು. ತಲೆಯಾಡಿಸಿ ಒಪ್ಪಿದ ಮಿಸ್ತ್ರಿ. ಕೊನೆಗೆ ಗೋಡೆಯ ಮೂಲೆಯಲ್ಲಿ, ಜೇಡರ ಬಲೆಯ ಹಿಂದೆ, ಯಾವುದೋ ಮನೆಯ ಒಳಬಾಗಿಲಾಗಿದ್ದ ಹಲಸಿನ ಹಲಗೆಗಳು ಸಿಕ್ಕವು. ಇಬ್ಬರೂ ಒಟ್ಟಿಗೇ ಕೈ ಇಟ್ಟರು. ಆಗ ನನ್ನ ಅಗತ್ಯ ಬೀಳಲಿಲ್ಲ.

ಕೆಲಸ ನಿಧಾನವಾಗಿ ನಡೆಯಿತು. ಗಣಪತಿ ಹಬ್ಬಕ್ಕೆ ಮಿಸ್ತ್ರಿ ಊರಿಗೆ ಹೋಗಿ ಹದಿನೈದು ದಿನ ಬರಲಿಲ್ಲ, ನನಗೆ ಅನ್ನ ಸೇರಲಿಲ್ಲ. ಬಂದ ಮೇಲೆ ಬಾಲ್ಕನಿಯಲ್ಲಿ ಕೂತು ಉಜ್ಜಿದ, ಕೊರೆದ, ಕೂರಿಸಿದ. ಅಡುಗೆಗೂ ಹಾಸಿಗೆಗೂ ಹಳದಿ ಹೊಟ್ಟು. ಅಜ್ಜಿ ಸ್ಟೂಲಿನ ಮೇಲೆ ಕೂತು ಉಸ್ತುವಾರಿ. ನವರಾತ್ರಿ ಬಂತು, ಹೋಯಿತು. ಟಿಕೆಟ್ಟಿನ ದಿನಕ್ಕೆ ಎರಡೇ ದಿನ ಉಳಿದಾಗ ಕೊನೆಯ ಚಿಲಕ ಬಿತ್ತು. ಮೇಲೆರಡು, ಕೆಳಗೆರಡು, ನಾಲ್ಕು ಕದ. ಅಜ್ಜಿ ಒಂದೊಂದನ್ನೂ ಹಾಕಿ ತೆಗೆದು ನೋಡಿದಳು. ಅವಳ ಬ್ಯಾಗು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು, ಅದರ ಮೇಲೆ ಎರಡು ಸೀರೆ ಮಡಚಿಟ್ಟಿದ್ದು ಬೆಳಿಗ್ಗೆಯೇ ನೋಡಿದ್ದೆ. ಅಮ್ಮನೂ ನೋಡಿದ್ದಳು. ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅತ್ತಿ ಹೋದ್ರ ಈ ಹುಡುಗಿಗೆ ಯಾರ್ರಿ," ಎಂದು ಅಪ್ಪನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ಇರುತ್ತೀಯೋ ಹೋಗುತ್ತೀಯೋ ಎಂದು ಅಜ್ಜಿಯನ್ನು ಕೇಳುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ಇರೆಂದು ನಾವು ಹಟ ಹಿಡಿದರೆ ಅವಳು ಇನ್ನೂ ಬೇಗ ಹೋಗುವ ಪೈಕಿ.

ಮಿಸ್ತ್ರಿ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿ, ಚಹಾ ಲೋಟ ಕೆಳಗಿಟ್ಟು, ಅಜ್ಜಿಗೆ ಕೈಮುಗಿದ. ಅಜ್ಜಿ ಅವನನ್ನು ತಡೆದು ನನ್ನ ಕಡೆ ತಿರುಗಿದಳು.

"ಅವನಿಗೆ ಹೇಳು ಮಗಾ. ಮುಂದಿನ ವರ್ಷ ಮಳೆ ಬಿಟ್ಟ ಕೂಡ್ಲೆ ಇವಕ್ಕೆ ಎಣ್ಣೆ ಕೊಡ್ಲಿಕ್ಕೆ ಬರ್ಬೇಕು. ಮರೀಬಾರ್ದು. ನನ್ನ ಎದುರಿಗೇ ಕೊಡ್ಬೇಕು, ನಾನು ನೋಡ್ಬೇಕು."

ನಾನು ಗಂಭೀರವಾಗಿ ಮರಾಠಿಯಲ್ಲಿ ಶುರು ಮಾಡಿದೆ: ಕಾಕಾ, ಮುಂದಿನ ವರ್ಷ ಮಳೆ ಬಿಟ್ಟ ಕೂಡಲೇ ನೀವು ಎಣ್ಣೆ ಹಚ್ಚಲಿಕ್ಕೆ ಬರಬೇಕಂತೆ, ಅಜ್ಜಿಯ ಎದುರಿಗೇ... ಅಷ್ಟಕ್ಕೆ ನನ್ನ ಬಾಯಿ ನಿಂತಿತು. ಮುಂದಿನ ವರ್ಷ. ಅಜ್ಜಿಯ ಎದುರಿಗೇ. ಕಣ್ಣು ಮಂಜಾಗಿ, ಅಜ್ಜಿಯ ಮುಖವೂ ಕಿಟಕಿಯೂ ಒಂದಾಗಿ ಕಂಡವು.

"ಮುಂದಿನ ವರ್ಷ ನೀ ಇಲ್ಲೇ ಇರ್ತೀಯಾ ಅಜ್ಜಿ?" ಎಂದೆ, ಕನ್ನಡದಲ್ಲಿ.

"ಮತ್ತೆ? ಇಷ್ಟು ಚಂದದ ಕದ ಮಾಡ್ಸಿ ನಿನ್ನ ಅಪ್ಪನ ಕೈಗೆ ಬಿಟ್ಟು ಹೋಗ್ಲಿಕ್ಕೆ ನನಗೆಂತ ಮರುಳಾ?"

ಮಿಸ್ತ್ರಿ ಚೀಲ ಹೆಗಲಿಗೆ ಹಾಕಿಕೊಂಡು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತ ನಿಂತಿದ್ದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಅವನಿಗೆ ತಿಳಿದಿರಲಾರದು. ಏನಂದರು ಅಜ್ಜಿ, ಪೂರ್ತಿ ಹೇಳು ಎಂದ. ಎಣ್ಣೆ, ಮಳೆ ಎಲ್ಲ ನನ್ನ ತಲೆಯಿಂದ ಹಾರಿಹೋಗಿತ್ತು. ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ.

"ಅಜ್ಜಿ ಹೋಗೋದಿಲ್ಲಂತೆ ಕಾಕಾ."